ಅಂಚೆಪೇದೆ ಯಾವ ಪುಟದಲ್ಲಿ ಬರುತ್ತಾನೆ

ಹರಿಹರದ ಹೊಳೆಯ ಮೇಲೆ ಅವತ್ತು ತೇಲಿ ಹೋದದ್ದು ಏನು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಕಣ್ಣು ಮುಚ್ಚಿದರೆ ಚಿತ್ರವೇನೋ ಬರುತ್ತದೆ: ದಂಡೆಯ ಮೆಟ್ಟಿಲು, ಅದರ ಮೇಲೆ ಕಲ್ಲು ಹೇರಿಟ್ಟ ನನ್ನ ಅಂಗಿ ಚಡ್ಡಿ, ಪಕ್ಕದಲ್ಲಿ ಬಾಯಿ ತೆರೆದುಕೊಂಡು ಬಿದ್ದ ಪುಸ್ತಕದ ಚೀಲ, ನೀರಿನ ಮೇಲೆ ದೂರ ದೂರ ಹೋಗುತ್ತಿರುವ ಬಿಳಿಯ ಏನೋ. ಅವು ಒಂದು ಕಾದಂಬರಿಯ ಕೊನೆಯ ಹಾಳೆಗಳು ಎಂದು ಬಹಳ ವರ್ಷ ನಂಬಿದ್ದೆ. ಆಮೇಲೆ ಕೊಕ್ಕರೆಗಳಿರಬಹುದು ಅನ್ನಿಸಿತು. ಅದಾದ ಮೇಲೆ, ಈ ಚಿತ್ರ ಆ ದಿನದ್ದೇ ಅಥವಾ ಇನ್ಯಾವುದೋ ಬೇಸಿಗೆಯದೇ ಎಂಬ ಅನುಮಾನವೂ ಹುಟ್ಟಿತು. ಸಾಕ್ಷಿ ಇಲ್ಲದ್ದನ್ನು ನಂಬಬೇಡ ಎಂಬ ಒಂದು ಪಾಠವನ್ನು ವಿಶ್ವವಿದ್ಯಾಲಯದಲ್ಲಿ ಚೆನ್ನಾಗಿ ಕಲಿತೆ. ಅದನ್ನು ಸಿಕ್ಕವರ ಮೇಲೆಲ್ಲ ಪ್ರಯೋಗಿಸಿದ್ದೇನೆ. ನನ್ನ ಮೇಲೆ ಪ್ರಯೋಗಿಸುವುದಕ್ಕೆ ಮಾತ್ರ ತಡವಾಯಿತು.

ಇದು ಐವತ್ತರ ದಶಕದ ಕೊನೆಯ ಮಾತು. ನಮ್ಮ ಮನೆ ಹರಿಹರದಲ್ಲಿತ್ತು. ಅಪ್ಪ ಕೊಕ್ಕನೂರಿನ ಹೊಲವನ್ನು ತಮ್ಮಂದಿರಿಗೆ ಬಿಟ್ಟು ದಾವಣಗೆರೆಯ ಬಟ್ಟೆ ಗಿರಣಿಯೊಂದಕ್ಕೆ ಸೇರಿದ್ದರು. ಅವರ ಜೊತೆ ನಾನೂ ಪಾಸು ಮಾಡಿಸಿಕೊಂಡು ಬೆಳಗಿನ ರೈಲಿಗೆ ದಾವಣಗೆರೆಯ ಹೈಸ್ಕೂಲಿಗೆ ಹೋಗುತ್ತಿದ್ದೆ. ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕನ ಓದು ಮಿಡ್ಲ್ ಸ್ಕೂಲಿಗೇ ನಿಂತಿತ್ತು. ಯಾರೂ ಬಿಡಿಸಿದ್ದಲ್ಲ. ಮುಂದೆ ಓದಿಸುವ ಮಾತನ್ನು ಯಾರೂ ಎತ್ತಲಿಲ್ಲ, ಅಷ್ಟೆ.

ಅಕ್ಕನಿಗೆ ಓದುವ ಹುಚ್ಚು. ಬೆಲ್ಲ ಕಟ್ಟಿಕೊಂಡು ಬಂದ ಕಾಗದವನ್ನು ಬೆಲ್ಲ ಡಬ್ಬಿಗೆ ಹೋಗುವ ಮೊದಲೇ ಓದಿ ಮುಗಿಸುತ್ತಿದ್ದಳು. ಪಂಚಾಂಗ, ಔಷಧಿ ಸೀಸೆಯ ಚೀಟಿ, ಅಪ್ಪನ ರೈಲು ಪಾಸಿನ ಹಿಂಬದಿಯ ನಿಯಮಗಳು, ಏನಾದರೂ ಸರಿ. ನಾನು ಹೈಸ್ಕೂಲು ಸೇರಿದಾಗ ಮನೆಯಲ್ಲಿ ನನಗಿಂತ ಹೆಚ್ಚು ಖುಷಿಪಟ್ಟವಳು ಅವಳು. ಕಾರಣ, ಶಾಲೆಯ ಲೈಬ್ರರಿಯಿಂದ ವಾರಕ್ಕೊಂದು ಪುಸ್ತಕ ಮನೆಗೆ ಕೊಡುತ್ತಿದ್ದರು. ಕಂದು ರಟ್ಟಿನ ಕಾರ್ಡಿನ ಮೇಲೆ ನನ್ನ ಹೆಸರಿತ್ತು. ಓದುತ್ತಿದ್ದವಳು ಅಕ್ಕ.

ಲೈಬ್ರರಿ ನೋಡಿಕೊಳ್ಳುತ್ತಿದ್ದವರು ನಮ್ಮ ಕನ್ನಡ ಮೇಷ್ಟ್ರು. ತೆಳ್ಳಗೆ, ಎತ್ತರಕ್ಕೆ, ಯಾವಾಗಲೂ ಸೀಮೆಸುಣ್ಣದ ಪುಡಿ ಮೆತ್ತಿದ ಕರಿಯ ಕೋಟು. ಅವರದು ಎರಡು ಕಟ್ಟಳೆ. ಒಂದು, ಪುಸ್ತಕ ತೆಗೆದುಕೊಳ್ಳುವವನು ಪುಟಗಳನ್ನೆಲ್ಲ ನೋಡಿ, ಪುಸ್ತಕ ಕೊಡುವ ಮಾನಿಟರನ ಮುಂದೆ 'ಪುಟ ಸರಿ ಇದೆ' ಎಂದು ಬರೆದು ಸಹಿ ಹಾಕಬೇಕು. ಹಿಂದಕ್ಕೆ ಕೊಟ್ಟಾಗ ಹಾಳೆ ಕಡಿಮೆ ಇದ್ದರೆ ಆ ವರ್ಷಕ್ಕೆ ಕಾರ್ಡು ರದ್ದು. ಇನ್ನೊಂದು, ಓದಿದ ಕಾದಂಬರಿಯ ಮೇಲೆ ಎರಡು ಪುಟ ವಿಮರ್ಶೆ ಬರೆದು ಕೊಟ್ಟರೆ ಮಾತ್ರ ಮುಂದಿನ ಪುಸ್ತಕ. ಅದಕ್ಕೆ ನಾಲ್ಕು ತಲೆಬರಹಗಳನ್ನೂ ಅವರೇ ಕೊಟ್ಟಿದ್ದರು: ಕಥಾವಸ್ತು, ಪಾತ್ರ, ಭಾಷೆ, ಸಂದೇಶ.

ನಾನು ಒಂದು ಕಾದಂಬರಿಯನ್ನೂ ಓದುತ್ತಿರಲಿಲ್ಲ. ಅಕ್ಕ ಶುಕ್ರವಾರ ಸಂಜೆ ಪಾತ್ರೆ ತಿಕ್ಕುತ್ತಾ ಕಥೆ ಹೇಳುತ್ತಿದ್ದಳು, ನಾನು ಕಟ್ಟೆಯ ಮೇಲೆ ಕೂತು ಬರೆದುಕೊಳ್ಳುತ್ತಿದ್ದೆ. ಭಾಷೆಯ ಕೆಳಗೆ ಪ್ರತಿ ವಾರವೂ 'ಸರಳ, ಸುಂದರ, ಸಹಜ' ಎಂದು ಬರೆಯುತ್ತಿದ್ದೆ. ಒಂದು ವರ್ಷದಲ್ಲಿ ಸರಳವಲ್ಲದ ಭಾಷೆಯ ಒಬ್ಬ ಲೇಖಕನೂ ನನಗೆ ಸಿಕ್ಕಲಿಲ್ಲ.

ಆ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ರೈಲಿಗೆ ಹೊತ್ತಾಗಿತ್ತು. ಮಾನಿಟರ್ ಕೊಟ್ಟ ಪುಸ್ತಕವನ್ನು ತೆರೆದೂ ನೋಡದೆ 'ಪುಟ ಸರಿ ಇದೆ' ಎಂದು ಬರೆದು ಓಡಿದೆ. ಹರಿಹರದಲ್ಲಿ ಇಳಿದವನು ನೇರ ಮನೆಗೆ ಹೋದೆನೋ ಹೊಳೆಗೆ ಹೋದೆನೋ, ಅಲ್ಲಿಂದಲೇ ನನ್ನ ತಕರಾರು ಶುರು. ಹೊಳೆಗೆ ಹೋದೆ ಎಂದೇ ನನ್ನ ನೆನಪು.

ಪುಸ್ತಕದಲ್ಲಿದ್ದದ್ದು ಸೊಸೆಯೊಬ್ಬಳ ಕಥೆ. ಗಂಡ ಊರು ಬಿಟ್ಟು ಹೋಗಿದ್ದಾನೆ, ಅವಳು ಅತ್ತೆಯ ಮನೆಯಲ್ಲಿ ಅವನ ಕಾಗದಕ್ಕೆ ಕಾಯುತ್ತಾಳೆ. ಅಕ್ಕ ಮೂರು ದಿನದಲ್ಲಿ ಓದಿ, ಮಂಗಳವಾರ ಸಂಜೆ ಪುಸ್ತಕ ಹಿಡಿದುಕೊಂಡೇ ಹಿತ್ತಲಿಗೆ ಬಂದಳು.

"ಕೊನೆ ಹಾಳೆಗಳು ಎಲ್ಲಲೇ?"

"ನನಗೇನ್ ಗೊತ್ತು?"

"ಇಲ್ಲಿಗೆ ನಿಂತೈತೆ ನೋಡು. 'ಅವಳು ಹಗ್ಗವನ್ನು ಕೈಗೆ ತೆಗೆದುಕೊಂಡು' ಅಂತೈತೆ. ತಗಂಡು ಏನ್ ಮಾಡಿದ್ಲು? ಮುಂದಕ್ಕೆ ರಟ್ಟೇ ಐತೆ. ತಗಂಬರೋವಾಗ ನೋಡ್ಲಿಲ್ಲೇನು?"

"ಸೈನ್ ಹಾಕೀನಿ."

"ನೋಡ್ದಲೇ ಹಾಕಿದ್ಯ?"

ನಾನು ಬಗ್ಗಿ ರಟ್ಟನ್ನು ನೋಡಿದೆ.

"ಶನಿವಾರ ಹೊಳೆಗೆ ಹೋಗಿದ್ದೇನು?"

"ಹೂಂ."

"ಚೀಲ ಎಲ್ಲಿಟ್ಟಿದ್ದೆ?"

"ಮೆಟ್ಲ ಮೇಲೆ."

ಅಕ್ಕ ಪುಸ್ತಕದ ಬೆನ್ನನ್ನು ಬೆರಳಿನಿಂದ ಸವರಿದಳು. ಹೊಲಿಗೆಯ ದಾರ ಒಂದು ಕಡೆ ಎದ್ದಿತ್ತು.

"ಹೋಗ್ಲಿ, ಹೇಳಿಬಿಡ್ತೀನಿ ಬಿಡು," ಅಂದೆ. "ಕಾರ್ಡು ಹೋದ್ರೆ ಹೋಗ್ಲಿ. ನಾನೇನು ಓದ್ತೀನ?"

"ನೀನು ಓದಲ್ಲ. ಅದು ನನಗೆ ಗೊತ್ತೈತೆ."

ಅಷ್ಟೇ ಅಂದು ಒಳಗೆ ಹೋದಳು. ನಾನು ದಡ್ಡ, ಆದರೆ ಅಷ್ಟು ದಡ್ಡನಲ್ಲ. ಕಾರ್ಡು ರದ್ದಾದರೆ ಅವಳಿಗೆ ಮತ್ತೆ ಬೆಲ್ಲದ ಕಾಗದವೇ ಗತಿ. ಮುಂದಿನ ವರ್ಷದ ತನಕ ಅವಳು ಈ ಮನೆಯಲ್ಲಿರುತ್ತಾಳೆ ಎಂಬ ಖಾತ್ರಿಯೂ ಇರಲಿಲ್ಲ. ಹದಡಿಯ ಕಡೆಯಿಂದ ಒಂದು ಸಂಬಂಧದ ಮಾತು ಆಗಲೇ ಎರಡು ಸಲ ಬಂದು ಹೋಗಿತ್ತು.

ಶುಕ್ರವಾರ ಪಾತ್ರೆ ತಿಕ್ಕುವ ಹೊತ್ತಿಗೆ ಅಕ್ಕ ದಾರಿ ಹುಡುಕಿದ್ದಳು. ಹಿಂದಿನ ವರ್ಷ ದಾವಣಗೆರೆಯಲ್ಲಿ ಟೆಂಟು ಹಾಕಿದ್ದ ನಾಟಕ ಕಂಪನಿಯವರು ಇದೇ ಕಥೆಯನ್ನು ಆಡಿದ್ದರು. ಭಾನುವಾರ ಮಧ್ಯಾಹ್ನದ ಆಟಕ್ಕೆ ಅಪ್ಪ ನಮ್ಮನ್ನೆಲ್ಲ ಕರೆದುಕೊಂಡು ಹೋಗಿದ್ದರು.

"ಅದೇ ಕಥೆ ಅಲ್ಲೇನು? ಕೊನೆಗೆ ಗಂಡ ಬರ್ತಾನೆ, ಅತ್ತೆ ತಪ್ಪಾಯ್ತು ಅಂತಾಳೆ. ಅದನ್ನ ಬರಿ."

"ಪುಸ್ತಕದಾಗೂ ಹಂಗೇ ಇರುತ್ತಾ?"

"ಹಂಗಿರ್ದೆ ಮತ್ತೆ ಹೆಂಗಿರ್ತೈತೆ? ಅವರೇನು ಮನೆಯಿಂದ ತಂದು ಆಡಿದ್ರಾ?"

ಕಂಪನಿಯವರು ಮನೆಯಿಂದ ತಂದೇ ಆಡುತ್ತಾರೆ ಎಂಬುದು ನಮಗೆ ಗೊತ್ತಿರಲಿಲ್ಲ. ಅತ್ತು ಅತ್ತು ಟೆಂಟಿನಿಂದ ಹೊರಗೆ ಬಂದ ಜನ ಮಾರನೆಯ ದಿನ ಟಿಕೆಟ್ಟಿಗೆ ಬರುವುದಿಲ್ಲ, ಅದಕ್ಕೆ ಅವರು ಎಂಥ ಕಥೆಯನ್ನೂ ಮಂಗಳದಲ್ಲಿ ಮುಗಿಸುತ್ತಾರೆ, ನಡುವೆ ನಗಿಸುವುದಕ್ಕೆ ಒಬ್ಬನನ್ನು ತುರುಕುತ್ತಾರೆ. ಈ ನಾಟಕದಲ್ಲಿ ಅವನು ಅಂಚೆಪೇದೆ. ಎಲ್ಲರ ಕಾಗದವನ್ನೂ ಇನ್ನೊಬ್ಬರ ಮನೆಗೆ ಹಾಕಿ ಹಾಡು ಹೇಳಿಕೊಂಡು ಹೋಗುವ ಮನುಷ್ಯ. ಅವನು ನನ್ನ ವಿಮರ್ಶೆಯ ಒಳಗೂ ಬಂದುಬಿಟ್ಟ. 'ಅಂಚೆಪೇದೆಯ ಪಾತ್ರದ ಮೂಲಕ ಲೇಖಕರು ಸಮಾಜದ ಓರೆಕೋರೆಗಳನ್ನು ತಿದ್ದುತ್ತಾರೆ' ಎಂದು ಬರೆದೆ. ಅವನನ್ನು ಸೇರಿಸಿದ್ದು ಯಾರು ಎಂಬುದು ನಮ್ಮಿಬ್ಬರಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಅಕ್ಕ ನಾನೇ ಅನ್ನುತ್ತಾಳೆ. ಅವಳೇ ಹೇಳಿ ಬರೆಸಿದಳು ಎಂದು ನನ್ನ ನೆನಪು. ನನ್ನ ನೆನಪಿನ ಯೋಗ್ಯತೆ ಮೇಲೆಯೇ ಹೇಳಿದ್ದೇನೆ.

ಒಂದು ವಾಕ್ಯ ಮಾತ್ರ ಖಂಡಿತ ಅವಳದು. ಪಾತ್ರೆ ಬೋರಲು ಹಾಕುತ್ತಾ ಅವಳು ಅಂದದ್ದು: "ಅವಳು ನೀರು ಸೇದೋವಾಗ ಯಾವಾಗ್ಲೂ ಮನೆ ಕಡೆ ಬೆನ್ನು ಮಾಡಿ ನಿಂತ್ಕಂತಾಳೆ ನೋಡು. ದಿನಕ್ಕೆ ಅಷ್ಟು ಹೊತ್ತು ಆ ಮನೆ ಅವಳ ಕಣ್ಣಿಗೆ ಬೀಳಲ್ಲ." ಬರೆಯುವುದಕ್ಕೆ ಪುಟದಲ್ಲಿ ಇನ್ನೂ ನಾಲ್ಕು ಸಾಲು ಖಾಲಿ ಇತ್ತು. ಅದನ್ನೂ ಬರೆದೆ.

ಶನಿವಾರ ಪುಸ್ತಕವನ್ನೂ ವಿಮರ್ಶೆಯನ್ನೂ ಕೊಟ್ಟೆ. ಸಾಮಾನ್ಯವಾಗಿ ಮೇಷ್ಟ್ರು ಮೇಲೆ ಮೇಲೆ ಕಣ್ಣಾಡಿಸಿ ಕಾರ್ಡಿಗೆ ಮುದ್ರೆ ಒತ್ತುತ್ತಿದ್ದರು. ಅವತ್ತು ಎರಡೂ ಪುಟ ಓದಿದರು. ಮೊದಲ ಪುಟಕ್ಕೆ ಮತ್ತೆ ಹೋದರು. ಕಾರ್ಡನ್ನು ಕೋಟಿನ ಜೇಬಿಗೆ ಹಾಕಿಕೊಂಡು, "ಮಂಗಳವಾರ ಬಂದು ಕಾಣು," ಅಂದರು.

ಬರಿಗೈಯಲ್ಲಿ ಮನೆಗೆ ಬಂದು ಅಕ್ಕನಿಗೆ ಮಂಗಳವಾರದ ಮಾತು ಹೇಳಿದೆ. ಭಾನುವಾರ ಅವಳು ಪಂಚಾಂಗ ಹಿಡಿದು ಕೂತಿದ್ದಳು. ಸೋಮವಾರ ಅಕ್ಕಿಯ ಚೀಲದ ಮೇಲಿನ ಅಕ್ಷರಗಳನ್ನು ಓದುತ್ತಿದ್ದುದನ್ನು ಕಂಡೆ. ಮಂಗಳವಾರ ಬೆಳಿಗ್ಗೆ ರೊಟ್ಟಿ ಕಟ್ಟಿಕೊಡುತ್ತಾ, "ಕೇಳಿದ್ರೆ ಕಥೆ ನಮ್ಮಕ್ಕ ಹೇಳಿದ್ಲು ಅನ್ನು. ಹೊಳೆ ವಿಷಯ ಎತ್ತಬ್ಯಾಡ," ಅಂದಳು.

ಮಧ್ಯಾಹ್ನದ ಬಿಡುವಿನಲ್ಲಿ ಮೇಷ್ಟ್ರ ಕೋಣೆಗೆ ಹೋದೆ. ಪಕ್ಕದ ಕುರ್ಚಿಯಲ್ಲಿ ಡ್ರಿಲ್ ಮೇಷ್ಟ್ರು ಕಾಗದದ ತುಂಬ ಮಂಡಕ್ಕಿ ಹರಡಿಕೊಂಡು ಮೆಣಸಿನಕಾಯಿ ಕಚ್ಚಿ ತಿನ್ನುತ್ತಿದ್ದರು. ನಮ್ಮ ಮೇಷ್ಟ್ರು ನನ್ನ ವಿಮರ್ಶೆಯನ್ನು ಮೇಜಿನ ಮೇಲೆ ಬಿಡಿಸಿಟ್ಟರು.

"ಏನಪ್ಪ, ಈ ಅಂಚೆಪೇದೆ ಯಾವ ಪುಟದಾಗೆ ಬರ್ತಾನೆ?"

"ಕೊನೇಲಿ ಸಾರ್."

"ಕೊನೇಲಿ ಅಂದ್ರೆ?"

"ಕೊನೆ ಹತ್ರ ಸಾರ್."

"ನಡ್ಕಂಡು ಬರ್ತಾನೋ, ಸೈಕಲ್ ಮೇಲೆ ಬರ್ತಾನೋ?"

ಎಷ್ಟು ಹೇಳಿದರೆ ಓದಿದಂತೆ ಕಾಣುತ್ತದೆ ಎಂದು ಲೆಕ್ಕ ಹಾಕಿ ಹೇಳಿದೆ: "ಸೈಕಲ್ ಮೇಲೆ ಸಾರ್. ಬೆಲ್ ಇರಲ್ಲ. ಬಾಯಾಗೇ ಟ್ರಿಣ್ ಟ್ರಿಣ್ ಅಂತಾನೆ."

ಡ್ರಿಲ್ ಮೇಷ್ಟ್ರಿಗೆ ಮಂಡಕ್ಕಿ ನೆತ್ತಿಗೆ ಹತ್ತಿತು. ಕೆಮ್ಮಿ ಸುಧಾರಿಸಿಕೊಂಡು, "ಟೆಂಟಿನಾಗಿದ್ದೋನ್ನ ಕಾದಂಬರಿಗೇ ಹೊಡ್ಕಂಡು ಬಂದಾನಲ್ರೀ ನಿಮ್ಮ ಶಿಷ್ಯ," ಅಂದರು.

"ನಾನೂ ನೋಡೀನಪ್ಪ ಆ ನಾಟಕ," ಅಂದರು ನಮ್ಮ ಮೇಷ್ಟ್ರು. "ಎರಡು ಸಲ ನೋಡೀನಿ. ಪುಸ್ತಕದಾಗೆ ಅಂಚೆಪೇದೆ ಇಲ್ಲ. ಕೊನೆ ಹಾಳೆನೂ ಇಲ್ಲ. ಅದನ್ನ ಯಾಕ ಹೇಳ್ಲಿಲ್ಲ?"

ಅಕ್ಕ ಎತ್ತಬೇಡ ಅಂದದ್ದೇ ಮೊದಲು ಬಾಯಿಗೆ ಬಂತು. "ಹೊಳೆಗೆ ಹೋಗಿದ್ದೆ ಸಾರ್. ಚೀಲ ಮೆಟ್ಲ ಮೇಲಿತ್ತು. ನಾನೇ ಕಳೆದೀನಿ ಅನ್ಸುತ್ತೆ. ಕಾರ್ಡು ಮಾತ್ರ..."

"ನೀನು ಕಳೆದಿಲ್ಲ. ಅವು ಮೊದಲಿಂದ್ಲೂ ಇಲ್ಲ."

ಮೇಷ್ಟ್ರು ಡ್ರಾಯರಿನಿಂದ ದಾರ ಕಟ್ಟಿದ ಕಾಗದದ ಕಟ್ಟೊಂದನ್ನು ತೆಗೆದು ತಮ್ಮ ಕಡೆಗೆ ಹಿಡಿದುಕೊಂಡೇ ತಿರುವಿದರು. ನನಗಿಂತ ಮೊದಲು ಐದು ಹುಡುಗರು ಆ ಪುಸ್ತಕ ತೆಗೆದುಕೊಂಡಿದ್ದರಂತೆ. ಐದೂ ಜನ ವಿಮರ್ಶೆ ಬರೆದಿದ್ದರಂತೆ.

"ಒಬ್ಬ ಅವಳನ್ನ ಬಾವಿಗೆ ಕೆಡವ್ಯಾನೆ. ಹಗ್ಗ ಕೈಗೆ ತಗಂಡ್ಲಲ್ಲ, ಅದಕ್ಕೆ. ಇನ್ನೊಬ್ಬ ಅದೇ ಹಗ್ಗದಲ್ಲಿ ನೇಣು ಹಾಕ್ಯಾನೆ. ಒಬ್ಬ ಕಾಶಿಗೆ ಕಳಿಸ್ಯಾನೆ. ಈ ಮಹಾರಾಯ ಅತ್ತೆನ್ನೇ ಸಾಯಿಸ್ಯಾನೆ. ಇನ್ನೊಬ್ಬ ಕೊನೆ ವಿಷಯಕ್ಕೇ ಹೋಗಿಲ್ಲ, 'ಮುಂದೆ ಎಲ್ಲವೂ ಸುಸೂತ್ರವಾಗಿ ನಡೆಯುತ್ತದೆ' ಅಂತ ಬರದಾನೆ. ಹಾಳೆ ಇಲ್ಲ ಸಾರ್ ಅಂತ ಒಬ್ಬನೂ ಬಂದು ಹೇಳಿಲ್ಲ. ಎಲ್ರೂ ಪುಟ ಸರಿ ಐತೆ ಅಂತ ಸೈನ್ ಹಾಕ್ಯಾರೆ."

"ಹೆಂಗೆ ಹೇಳ್ತಾರೆ? ಹೇಳಿದ್ರೆ ಕಾರ್ಡು ಕಿತ್ಕಂತೀರಿ," ಅಂದರು ಡ್ರಿಲ್ ಮೇಷ್ಟ್ರು.

ನಮ್ಮ ಮೇಷ್ಟ್ರು ಕಟ್ಟಿಗೆ ಮತ್ತೆ ದಾರ ಸುತ್ತಿ ಡ್ರಾಯರಿಗೆ ಹಾಕಿದರು. ತಮ್ಮ ಎರಡು ಕಟ್ಟಳೆಗಳು ಒಂದನ್ನೊಂದು ಹೀಗೆ ಹಿಡಿದುಕೊಂಡಿದ್ದನ್ನು ಅವರು ಅಲ್ಲಿಯವರೆಗೆ ಗಮನಿಸಿದ್ದರೋ ಇಲ್ಲವೋ. ಆಮೇಲೆ ನನ್ನ ಕಾಗದದ ಮೇಲೆ ಬೆರಳಿಟ್ಟರು.

"ನೀರು ಸೇದೋವಾಗ ಮನೆ ಕಡೆ ಬೆನ್ನು ಮಾಡ್ತಾಳೆ ಅಂತ ಬರದೀಯ. ನಾನು ಪುಸ್ತಕ ತಗದು ನೋಡಿದೆ. ಮೂರು ಕಡೆ ಬರ್ತೈತೆ. ಇಷ್ಟು ವರ್ಷ ಓದಿದ್ರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇದನ್ನ ಓದಿದವರು ಯಾರು?"

"ನಮ್ಮಕ್ಕ ಸಾರ್."

"ಎಲ್ಲಿ ಓದ್ತಾರೆ?"

"ಮನೆಯಾಗೆ ಸಾರ್."

ಅವರು ಕೇಳಿದ್ದು ಯಾವ ಶಾಲೆ ಎಂದು. ನನಗೆ ಅದು ಅರ್ಥವಾದದ್ದು ಹೇಳಿ ಮುಗಿದ ಮೇಲೆ. ಮೇಷ್ಟ್ರು ಮತ್ತೆ ಕೇಳಲಿಲ್ಲ. ಜೇಬಿನಿಂದ ಕಾರ್ಡು ತೆಗೆದು ಮುದ್ರೆ ಒತ್ತಿದರು. "ಇನ್ನು ಮೇಲೆ ವಿಮರ್ಶೆ ಅವರೇ ಬರೀಲಿ, ನೀನು ತಂದುಕೊಡು. ನೀನೂ ಓದಿ ಬರಿ, ಒಂದೇ ಪುಟ ಆದ್ರೂ ಪರವಾಗಿಲ್ಲ. ಅಂಚೆಪೇದೆ ಬ್ಯಾಡ." ಬೀರುವಿನಿಂದ ಎರಡು ಪುಸ್ತಕ ಕೊಟ್ಟರು. ಒಂದು ತಪ್ಪಿಹೋದ ಶನಿವಾರದ್ದು, ಇನ್ನೊಂದು ಬರುವ ಶನಿವಾರದ್ದು. ಎರಡರ ಪುಟಗಳನ್ನೂ ಅವರ ಎದುರಿಗೇ ನೋಡಿ ಸಹಿ ಹಾಕಿದೆ. ನನ್ನ ಜೀವಮಾನದಲ್ಲಿ ಅಷ್ಟು ನಿಧಾನವಾಗಿ ಯಾವ ಪುಸ್ತಕವನ್ನೂ ತಿರುವಿಲ್ಲ.

ಸಂಜೆ ರೈಲಿನಲ್ಲಿ ಬಾಗಿಲ ಹತ್ತಿರ ನಿಂತಿದ್ದೆ. ಹೊಲಗಳು ಹಿಂದಕ್ಕೆ ಹೋಗುತ್ತಿದ್ದವು. ಎಂಥ ಹಸಿವಾಯಿತೆಂದರೆ, ಮಧ್ಯಾಹ್ನ ತಿನ್ನದೆ ಉಳಿದ ರೊಟ್ಟಿಯನ್ನು ಹರಿಹರ ಬರುವುದರೊಳಗೆ ಮುಗಿಸಿದೆ. ಅಪ್ಪ, "ಇವತ್ತೇನು ಗಿರಣಿ ಕೆಲಸ ನೀನು ಮಾಡ್ದಂಗೈತೆ," ಅಂದರು.

ಅಕ್ಕ ಬಾಗಿಲಲ್ಲೇ ಇದ್ದಳು. ನನ್ನ ಮುಖ ನೋಡಲಿಲ್ಲ, ಚೀಲ ನೋಡಿದಳು. ಎರಡು ಪುಸ್ತಕ ಹೊರಗೆ ತೆಗೆದು, ಎರಡರದೂ ಕೊನೆಯ ಪುಟ ತೆರೆದು, ಓದದೆ, ಇದೆ ಎಂದು ಮಾತ್ರ ನೋಡಿ ಮುಚ್ಚಿದಳು. ಆಮೇಲೆ ಗೋಡೆಗೆ ಒರಗಿ ಕೂತು ಪುಸ್ತಕಗಳನ್ನು ಮಡಿಲಲ್ಲಿಟ್ಟುಕೊಂಡಳು. ಮೇಷ್ಟ್ರು ಹೇಳಿದ್ದನ್ನೆಲ್ಲ ಹೇಳಿದೆ. "ಅವರೇ ಬರೀಲಿ ಅಂದ್ರಾ? ಅವರು ಅಂತ ಬಹುವಚನದಾಗೆ ಅಂದ್ರಾ?" ಎಂದು ಎರಡು ಸಲ ಕೇಳಿದಳು. ಹದಡಿಗೆ ಮದುವೆಯಾಗಿ ಹೋಗುವ ತನಕ, ಒಂದೂವರೆ ವರ್ಷ, ಪ್ರತಿ ಶನಿವಾರ ಅವಳ ವಿಮರ್ಶೆ ದಾವಣಗೆರೆಗೆ ಹೋಯಿತು. ಕೆಂಪು ಶಾಯಿಯಲ್ಲಿ ಎರಡು ಮೂರು ಸಾಲು ಬರೆಸಿಕೊಂಡು ವಾಪಸ್ಸು ಬಂತು. ಭಾಷೆಯ ತಲೆಬರಹದ ಕೆಳಗೆ ಅವಳು ಒಮ್ಮೆಯೂ 'ಸರಳ' ಎಂದು ಬರೆಯಲಿಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಓದು ಮುಂದುವರಿದಂತೆ ನನ್ನ ಅನುಮಾನವೂ ಬೆಳೆಯಿತು. ಮೇಷ್ಟ್ರು ಆ ಕಟ್ಟನ್ನು ನನ್ನ ಕಡೆಗೆ ತಿರುಗಿಸಲಿಲ್ಲ. ಐದು ಹುಡುಗರು ನಿಜವಾಗಿ ಇದ್ದರೇ? ಎದುರಿಗೆ ನಿಂತ ಹುಡುಗನ ಮುಖ ನೋಡಿ, ಯಾವುದೋ ಕಾಗದ ಹಿಡಿದು, ಐದು ಕೊನೆಗಳನ್ನು ಅವರೇ ಅಲ್ಲೇ ಹುಟ್ಟಿಸಿದರೇ? ಅಂಥ ಮನುಷ್ಯರೇ ಅವರು. ಹಾಗಿದ್ದರೆ ಹಾಳೆ ಕಳೆದವನು ನಾನೇ, ಅವರು ನನ್ನನ್ನು ಉಳಿಸಿದರು ಅಷ್ಟೆ. ಅಕ್ಕನನ್ನು ಕೇಳಿದರೆ ಇನ್ನೊಂದು ಕಥೆ. "ಆ ಶನಿವಾರ ನೀನು ಹೊಳೆಗೇ ಹೋಗಿರ್ಲಿಲ್ಲ. ಸುಮ್ಮನೆ ಹೂಂ ಅಂದಿದ್ದೆ, ಕೇಳಿದ್ದಕ್ಕೆಲ್ಲ ಹೂಂ ಅನ್ನೋನು ನೀನು."

ಎಂ.ಎ. ಓದುವಾಗ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಆ ಕಾದಂಬರಿಯ ಪೂರ್ತಿ ಪ್ರತಿ ಸಿಕ್ಕಿತು. ನಮ್ಮ ಪ್ರತಿ ನಿಂತ ಜಾಗದಿಂದ ಮುಂದಕ್ಕೆ ಎಣಿಸಿದೆ. ಹದಿನಾರು ಪುಟ. ರಜೆಗೆ ಬಂದಾಗ ಅದನ್ನು ಹದಡಿಗೆ ತೆಗೆದುಕೊಂಡು ಹೋದೆ. ಅಕ್ಕ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಕೊನೆಯ ಹದಿನಾರು ಪುಟಗಳನ್ನು ಓದಿದಳು. ಅವಳು ಹಗ್ಗವನ್ನು ಕೈಗೆ ತೆಗೆದುಕೊಂಡು ನೀರು ಸೇದುತ್ತಾಳೆ, ಅಷ್ಟೆ. ಗಂಡ ಬರುವುದಿಲ್ಲ. ಯಾರೂ ಸಾಯುವುದಿಲ್ಲ. ಕಟ್ಟಕಡೆಯ ಪುಟದಲ್ಲಿ ಮತ್ತೊಂದು ಬೆಳಿಗ್ಗೆ ಅವಳು ಬಾವಿಗೆ ಬರುತ್ತಾಳೆ, ಮೊದಲ ಸಲ ಮನೆಯ ಕಡೆ ಮುಖ ಮಾಡಿ ನಿಂತು ಸೇದುತ್ತಾಳೆ.

"ತಿರುಗಿದ್ಲಲ್ಲ, ಸಾಕು," ಅಂದಳು ಅಕ್ಕ. ಪುಸ್ತಕ ಮುಚ್ಚುತ್ತಾ, "ಆದ್ರೂ ಅಂಚೆಪೇದೆ ಇದ್ದಿದ್ರೆ ಚೆಂದಿತ್ತು ಕಣೋ," ಅಂದಳು.

ಅರವತ್ತರ ದಶಕ ಮುಗಿಯುವ ಮೊದಲು ಬೇರೆ ಕೆಲಸಕ್ಕೆಂದು ದಾವಣಗೆರೆಗೆ ಹೋದವನು ಹಳೆಯ ಶಾಲೆಗೂ ಹೋದೆ. ಮೇಷ್ಟ್ರು ನಿವೃತ್ತರಾಗಿ ಊರು ಬಿಟ್ಟಿದ್ದರು. ಗುಮಾಸ್ತರು ಧೂಳು ಕೊಡವಿ ಲೈಬ್ರರಿಯ ಹಳೆಯ ದಾಸ್ತಾನು ಪುಸ್ತಕ ಕೊಟ್ಟರು. ಪ್ರತಿ ಬೇಸಿಗೆಯಲ್ಲೂ ಮೇಷ್ಟ್ರು ಪುಸ್ತಕಗಳನ್ನೆಲ್ಲ ಒಂದೊಂದಾಗಿ ನೋಡಿ ಅದರಲ್ಲಿ ಷರಾ ಬರೆಯುತ್ತಿದ್ದರಂತೆ. ಆ ಕಾದಂಬರಿಯ ಸಾಲಿನ ಕೊನೆಯ ಕಾಲಮಿನಲ್ಲಿ, ಅಕ್ಕನ ವಿಮರ್ಶೆಗಳ ಅಂಚಿನಲ್ಲಿ ನಾನು ಎಷ್ಟೋ ಸಲ ಕಂಡ ಅದೇ ಕೆಂಪು ಶಾಯಿಯ ಓರೆ ಅಕ್ಷರಗಳಲ್ಲಿ, 'ಕೊನೆಯ ಹದಿನಾರು ಪುಟ ಇಲ್ಲ' ಎಂದಿತ್ತು. ಕೆಳಗೆ ಸಹಿ, ತಾರೀಖು. ಆ ತಾರೀಖಿಗೆ ನಾನಿನ್ನೂ ಹರಿಹರದ ಮಿಡ್ಲ್ ಸ್ಕೂಲಿನಲ್ಲಿದ್ದೆ.